ಸಣ್ಣ ಕ್ಯಾಮರಾದ ಜನಕ ಓಸ್ಕರ್ ಬರ್ನಾಕ್

ಜರ್ಮನಿಯ ವೆಟ್ಸ್‌ಲರ್ ಎಂಬ ಊರಿನಿಂದ ಹೊಸದೊಂದು ಲೈಕಾ ಕ್ಯಾಮರಾ ಹೊರಬೀಳಲಿದೆ ಎಂಬ ಸುದ್ದಿ ಹಬ್ಬಿತೆಂದರೆ ಛಾಯಾಗ್ರಹಣದ ಹವ್ಯಾಸಿಗಳಲ್ಲಿ ಉಂಟಾಗುವ ಸಂಭ್ರಮ ನೋಡತಕ್ಕದ್ದು. ಕಾರ್ಖಾನೆಯವರು ಬಾಯಿ ಬಿಡುವ ಮುನ್ನವೇ ಹೊಸ ಯಂತ್ರದ ಚಿತ್ರವೊಂದು ಹೇಗೋ ಹೊರಕ್ಕೆ ಸೋರಿ ಬರುತ್ತದೆ. ಅದರ ನೆತ್ತಿಯ ಮೇಲಿನ ಗುಂಡಿ ಎಡಕ್ಕೆ ಸರಿದಿದೆಯೋ ಬಲಕ್ಕೆ ಸರಿದಿದೆಯೋ, ಮೈ ಹಿಂದಿನದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿದೆಯೋ, ದೂರವನ್ನು ಅಳೆಯುವ ಆ ಪುಟ್ಟ ಕಿಟಕಿ ತನ್ನ ಸ್ಥಾನದಲ್ಲಿ ಇದೆಯೋ ಇಲ್ಲವೋ ಎಂದು ದೊಡ್ಡ ದೊಡ್ಡವರು ಮಕ್ಕಳಂತೆ ವಾದಿಸತೊಡಗುತ್ತಾರೆ. ಬೆಲೆ ಹಲವು ಲಕ್ಷ ರೂಪಾಯಿ. ಅದನ್ನು ಕೊಳ್ಳುವ ಶಕ್ತಿಯಿಲ್ಲದವರೇ ಈ ವಾದದಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆಂಬುದು ಬೇರೆ ಮಾತು.

ಈ ಸಂಭ್ರಮದ ಬೇರು ಹುಡುಕಿಕೊಂಡು ಹೊರಟರೆ ಉಬ್ಬಸದಿಂದ ಬಳಲುತ್ತಿದ್ದ ಒಬ್ಬ ಯಂತ್ರಶಿಲ್ಪಿಯ ಬಳಿಗೆ ಹೋಗಿ ನಿಲ್ಲಬೇಕಾಗುತ್ತದೆ. ಅವನ ಹೆಸರು ಓಸ್ಕರ್ ಬರ್ನಾಕ್. ಅವನು ತೀರಿಕೊಂಡು ತೊಂಬತ್ತು ವರ್ಷಗಳಾದವು. ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಕಡೆಯ ಜನರಿಗೆ ಅವನ ಹೆಸರು ತಿಳಿದಿರಲಾರದು. ಆದರೆ ಅವನ ಋಣ ಇಲ್ಲಿಯೂ ಇಲ್ಲದಿಲ್ಲ. ಮದುವೆಯ ಮನೆಯಲ್ಲಿ ಫೋಟೋದವನು ಎಷ್ಟು ರೀಲು ಮುಗಿಸಿದನೆಂದು ಲೆಕ್ಕ ಹಾಕಿ ಹಣ ಕೊಟ್ಟ ಹಿರಿಯರು ಈಗಲೂ ಎಲ್ಲ ಊರುಗಳಲ್ಲಿ ಇದ್ದಾರೆ. ಒಂದು ರೀಲಿಗೆ 36 ಚಿತ್ರ. ಬೆರಳುದ್ದದ ಡಬ್ಬಿಯೊಳಗೆ ಸುತ್ತಿಟ್ಟ ಆ ಫಿಲ್ಮಿನ ಮೇಲೆ ಮೂಡುತ್ತಿದ್ದ ಚಿತ್ರದ ಅಗಲ 36 ಮಿಲಿಮೀಟರ್, ಎತ್ತರ 24 ಮಿಲಿಮೀಟರ್. ಛಾಯಾಚಿತ್ರಕ್ಕೆ ಈ ಅಳತೆಯನ್ನು ನಿಲ್ಲಿಸಿಕೊಟ್ಟವನು ಬರ್ನಾಕ್.

ಅವನು ಹುಟ್ಟಿದ್ದು 1879ರ ನವೆಂಬರ್ 1ರಂದು, ಬರ್ಲಿನ್ನಿಗೆ ದಕ್ಷಿಣದಲ್ಲಿರುವ ಬ್ರಾಂಡೆನ್‌ಬುರ್ಗ್ ಸೀಮೆಯ ಲೀನೋ ಎಂಬ ಹಳ್ಳಿಯಲ್ಲಿ. ಬಾಲ್ಯದಲ್ಲಿಯೇ ಸಂಸಾರವು ಬರ್ಲಿನ್ನಿನ ಹೊರವಲಯಕ್ಕೆ ಬಂದು ನೆಲೆಸಿತು. ಶಾಲೆಯ ಓದು ಮುಗಿದ ಮೇಲೆ ಹುಡುಗನು ಖಗೋಳ ವೀಕ್ಷಣೆಯ ಯಂತ್ರಗಳನ್ನು ತಯಾರಿಸುವ ಒಬ್ಬ ಕುಶಲಿಯ ಕೈಕೆಳಗೆ ಕೆಲಸ ಕಲಿಯಲು ಸೇರಿದನು. ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದ ಕಸುಬು ಅದು. ಕೆಲಸ ಕಲಿತ ತರುಣರು ಊರೂರು ಸುತ್ತಿ ಬೇರೆ ಬೇರೆ ಒಡೆಯರಲ್ಲಿ ದುಡಿದು ಕೈ ಪಳಗಿಸಿಕೊಳ್ಳುವ ಪದ್ಧತಿ ಆಗ ಜರ್ಮನಿಯಲ್ಲಿ ಇನ್ನೂ ಜೀವಂತವಾಗಿತ್ತು. ಬರ್ನಾಕನೂ ಹಾಗೆಯೇ ತಿರುಗಿದನು. ವಿಯೆನ್ನಾದವರೆಗೂ ಹೋಗಿ ಬಂದನು. 1902ರಲ್ಲಿ ಯೇನಾ ನಗರದ ಪ್ರಸಿದ್ಧ ಝೈಸ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ದೊರೆಯಿತು. ಮರುವರ್ಷ ಎಮ್ಮಾ ಎಂಬವಳನ್ನು ವಿವಾಹವಾದನು.

ಯೇನಾದ ಸುತ್ತಲೂ ಥುರಿಂಗಿಯಾದ ಅರಣ್ಯ. ರಜೆಯ ದಿನಗಳಲ್ಲಿ ಬೆಟ್ಟ ಹತ್ತಿ ಕಾಡು ಸುತ್ತಿ ಚಿತ್ರ ತೆಗೆಯುವುದು ಅವನ ಹವ್ಯಾಸವಾಗಿತ್ತು. ಆದರೆ ಆ ಕಾಲದ ಕ್ಯಾಮರಾ ಎಂದರೆ ಒಂದು ಪೆಟ್ಟಿಗೆಯ ಭಾರ. 13 ಸೆಂಟಿಮೀಟರಿಗೆ 18 ಸೆಂಟಿಮೀಟರಿನ ಗಾಜಿನ ಫಲಕಗಳು, ಅವುಗಳನ್ನು ಇಡುವ ಮರದ ಚೌಕಟ್ಟುಗಳು, ಮೂರು ಕಾಲಿನ ನಿಲುವು, ಕರಿಯ ಬಟ್ಟೆ—ಇಷ್ಟನ್ನೂ ಹೊತ್ತು ಏರು ಹತ್ತಬೇಕು. ಹರಪನಹಳ್ಳಿಯ ಕಡೆಯವರು ಉಚ್ಚಂಗಿದುರ್ಗದ ಮೆಟ್ಟಿಲುಗಳನ್ನು ನೆನೆದುಕೊಂಡರೆ ಸಾಕು. ಬರಿಗೈಯಲ್ಲಿ ಹತ್ತುವವನಿಗೇ ಎದೆ ಏದುಸಿರು ಬಿಡುವ ಅಂತಹ ಜಾಗದಲ್ಲಿ, ಹುಟ್ಟಾ ದುರ್ಬಲ ಮೈಕಟ್ಟಿನ, ಉಬ್ಬಸದಿಂದ ನರಳುವ ಮನುಷ್ಯನೊಬ್ಬನು ಆ ಹೊರೆಯನ್ನು ಹೊತ್ತು ನಡೆಯುವುದು ಎಂತಹ ಶಿಕ್ಷೆಯೆಂದು ತಿಳಿಯುತ್ತದೆ. ಬೇರೊಬ್ಬನಾಗಿದ್ದರೆ ಹವ್ಯಾಸವನ್ನು ಬಿಡುತ್ತಿದ್ದನು. ಬರ್ನಾಕನು ಹವ್ಯಾಸವನ್ನು ಬಿಡದೆ ಹೊರೆಯನ್ನೇ ಬಿಡುವ ಉಪಾಯ ಹುಡುಕತೊಡಗಿದನು.

ಸುಮಾರು 1905ರಲ್ಲಿ ಅವನಿಗೆ ಹೊಳೆದದ್ದು ಇಷ್ಟು: ತೆಗೆಯುವಾಗ ಚಿತ್ರ ಚಿಕ್ಕದಾಗಿರಲಿ, ಆಮೇಲೆ ಅದನ್ನು ದೊಡ್ಡದು ಮಾಡಿಕೊಳ್ಳೋಣ. ಇಂದು ಇದು ಮಗುವಿಗೂ ತಿಳಿದ ಸಂಗತಿಯಂತೆ ತೋರುತ್ತದೆ. ಅಂದು ಫಲಕ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು ಎಂಬುದೇ ವಾಡಿಕೆ. ಹಂಪೆಯ ಹಾಳು ಗುಡಿಗಳನ್ನು 1856ರ ಸುಮಾರಿಗೆ ಚಿತ್ರಿಸಿದ ಗ್ರೀನ್‌ಲಾ ಎಂಬ ಸೇನಾಧಿಕಾರಿಯ ಕಾಗದದ ನೆಗೆಟಿವ್‌ಗಳು ಒಂದೊಂದೂ ಮೊಳದುದ್ದಕ್ಕೆ ಹತ್ತಿರವಾಗಿದ್ದವು. ಹಗರಿಬೊಮ್ಮನಹಳ್ಳಿಗೆ ನೆರೆಯಾದ ಆ ಬಂಡೆಗಳ ನಾಡಿನಲ್ಲಿ, ನಮ್ಮ ಬಿಸಿಲಿನಲ್ಲಿ, ಆ ಸಾಮಗ್ರಿಯನ್ನು ಸಾಗಿಸಲು ಎಷ್ಟು ಆಳು, ಎಷ್ಟು ಬಂಡಿ ಬೇಕಾಗಿದ್ದಿರಬೇಕು! ಬರ್ನಾಕನು ತನ್ನ ಒಂದೇ ಫಲಕದ ಮೇಲೆ ಹದಿನೈದಿಪ್ಪತ್ತು ಪುಟ್ಟ ಚಿತ್ರಗಳನ್ನು ಕೂಡಿಸಲು ಪ್ರಯತ್ನಿಸಿದನು. ದೊಡ್ಡದು ಮಾಡಿದಾಗ ಫಲಕದ ಮೇಲಿನ ಬೆಳ್ಳಿಯ ಕಣಗಳು ಮರಳಿನಂತೆ ಎದ್ದು ಕಂಡವು. ಪ್ರಯೋಗ ಅಲ್ಲಿಗೆ ನಿಂತಿತು. ಆಲೋಚನೆ ನಿಲ್ಲಲಿಲ್ಲ.

ಝೈಸ್ ಕಾರ್ಖಾನೆಯಲ್ಲಿ ಅವನ ಸಹೋದ್ಯೋಗಿಯಾಗಿದ್ದ ಎಮಿಲ್ ಮೆಖಾವ್ ಎಂಬವನು 1910ರಲ್ಲಿ ವೆಟ್ಸ್‌ಲರಿನ ಲೈಟ್ಸ್ ಕಾರ್ಖಾನೆಗೆ ಹೋಗಿ ಸೇರಿದನು. ಸೂಕ್ಷ್ಮದರ್ಶಕಗಳಿಗೆ ಲೋಕಪ್ರಸಿದ್ಧವಾಗಿದ್ದ ಸಂಸ್ಥೆ ಅದು. ಮೆಖಾವನು ತನ್ನ ಗೆಳೆಯನ ವಿಷಯವನ್ನು ಅಲ್ಲಿ ಹೇಳಿದನು. 1911ರ ಜನವರಿಯಲ್ಲಿ ಬರ್ನಾಕನು ಅಲ್ಲಿನ ಪ್ರಯೋಗವಿಭಾಗದ ಮುಖ್ಯಸ್ಥನಾಗಿ ಬಂದನು. ರೋಗಿಷ್ಠನಾದ ಮೂವತ್ತೊಂದು ವರ್ಷದ ಕುಶಲಿಯನ್ನು ಇಂತಹ ಹುದ್ದೆಗೆ ಕರೆದುಕೊಂಡದ್ದು ಆ ಸಂಸ್ಥೆಯ ಗುಣಗ್ರಾಹಿತ್ವಕ್ಕೆ ಸಾಕ್ಷಿ.

ಮೆಖಾವನು ಅಲ್ಲಿ ಚಲನಚಿತ್ರವನ್ನು ತೆರೆಯ ಮೇಲೆ ಮಿಣುಕಿಲ್ಲದೆ ತೋರಿಸುವ ಯಂತ್ರದ ಕೆಲಸದಲ್ಲಿ ತೊಡಗಿದ್ದನು. ಹೀಗಾಗಿ ಬರ್ನಾಕನ ಕೈಗೂ ಸಿನಿಮಾ ಫಿಲ್ಮು ಬಂದಿತು. ಅವನೇ ಲೋಹದ ಒಂದು ಸಿನಿಮಾ ಕ್ಯಾಮರಾ ಮಾಡಿಕೊಂಡನು. ಅಂಚಿನಲ್ಲಿ ತೂತುಗಳಿರುವ ಆ ಫಿಲ್ಮಿನ ಕಣಗಳು ಹಳೆಯ ಫಲಕಕ್ಕಿಂತ ನಯವಾಗಿದ್ದವು. ಸಿನಿಮಾದ ಒಂದು ಚೌಕ 18 ಮಿಲಿಮೀಟರಿಗೆ 24. ಫಿಲ್ಮನ್ನು ಅಡ್ಡಲಾಗಿ ಓಡಿಸಿ ಎರಡು ಚೌಕಗಳನ್ನು ಒಂದುಗೂಡಿಸಿದರೆ 24ಕ್ಕೆ 36. ಎಂಟು ವರ್ಷಗಳ ಹಿಂದೆ ಥುರಿಂಗಿಯಾದ ಏರಿನಲ್ಲಿ ಹುಟ್ಟಿದ ಆಸೆಗೆ ಈಗ ದೇಹ ಸಿಕ್ಕಿತು. 1914ರ ಹೊತ್ತಿಗೆ ಅಂಗಿಯ ಜೇಬಿಗೆ ಇಳಿಯುವಂತಹ, ಲೋಹದ ಮೈಯ ಪುಟ್ಟ ಯಂತ್ರವೊಂದು ಅವನ ಅಂಗೈಯಲ್ಲಿ ಇದ್ದಿತು. ಇದನ್ನು ಸಿನಿಮಾ ಫಿಲ್ಮಿಗೆ ಬೆಳಕಿನ ಪ್ರಮಾಣವನ್ನು ಪರೀಕ್ಷಿಸಲೆಂದು ಮಾಡಿದನೆಂದು ಹೇಳುವವರುಂಟು. ಒಂದು ಉದ್ದೇಶ ಅದಾಗಿದ್ದರೂ, ಹೆಗಲ ಮೇಲಿನ ಹೊರೆಯನ್ನು ಮರೆಯದವನಿಗೆ ಎರಡನೆಯ ಉದ್ದೇಶ ಇರಲಿಲ್ಲವೆಂದು ನಂಬುವುದು ಕಷ್ಟ.

ಆ ವರ್ಷ ಒಡೆಯನ ಮಗ, ಎರಡನೆಯ ಎರ್ನ್‌ಸ್ಟ್ ಲೈಟ್ಸ್, ಅಮೆರಿಕೆಗೆ ಹೋಗುವಾಗ ಈ ಯಂತ್ರವನ್ನು ಜೊತೆಗೆ ಒಯ್ದು ನ್ಯೂಯಾರ್ಕ್ ನಗರದ ಚಿತ್ರಗಳನ್ನು ತೆಗೆದುಕೊಂಡು ಬಂದನು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಸೈನ್ಯ ಸಜ್ಜುಗೊಳ್ಳುವ ಆಜ್ಞೆಯನ್ನು ವೆಟ್ಸ್‌ಲರಿನ ಬೀದಿಯಲ್ಲಿ ಅಂಟಿಸಿದ ಸೈನಿಕನ ಚಿತ್ರವೊಂದು ಬರ್ನಾಕನ ಈ ಕ್ಯಾಮರಾದಲ್ಲಿಯೇ ಉಳಿದುಕೊಂಡಿದೆ. ಯುದ್ಧದ ಅಗತ್ಯದ ಮುಂದೆ ಆಟಿಕೆಯಂತೆ ಕಂಡ ಈ ಯಂತ್ರವು ಹಲವು ವರ್ಷ ಮೂಲೆಗೆ ಬಿದ್ದಿತು.

1920ರಲ್ಲಿ ಲಾನ್ ನದಿ ಉಕ್ಕಿ ವೆಟ್ಸ್‌ಲರಿನ ಬೀದಿಗಳಿಗೆ ನುಗ್ಗಿತು. ಬರ್ನಾಕನು ತನ್ನ ಪುಟ್ಟ ಯಂತ್ರವನ್ನು ಹಿಡಿದು ಹೊರಟನು. ತುಂಗಭದ್ರೆಯ ದಂಡೆಯಲ್ಲಿ ಬಾಳಿದ ಹಡಗಲಿಯ ಸೀಮೆಯವರಿಗೆ ನೆರೆ ಬಂದಾಗಿನ ಗಡಿಬಿಡಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕಾಲು ನಿಲ್ಲದ ನೀರಿನಲ್ಲಿ ಮೂರು ಕಾಲಿನ ನಿಲುವನ್ನು ಊರಿ ಕರಿಯ ಬಟ್ಟೆಯೊಳಗೆ ತಲೆ ಹುದುಗಿಸುವವನು ಎಲ್ಲಿದ್ದಾನೆ? ಬರ್ನಾಕನು ಕೈಯಲ್ಲಿ ಹಿಡಿದೇ ನೀರನ್ನೂ ಬೀದಿಯನ್ನೂ ಒಂದಾದ ಮೇಲೊಂದರಂತೆ ತೆಗೆದನು. ಕ್ಷಣವನ್ನು ಓಡಿ ಹಿಡಿಯುವ ಇಂದಿನ ಪತ್ರಿಕಾ ಛಾಯಾಗ್ರಹಣದ ಮೊದಲ ಪಾಠಗಳಲ್ಲಿ ಅವೂ ಸೇರಿವೆ.

ಅದರ ಬೆಲೆ ನಮಗೆ ಇಲ್ಲಿಯೇ ತಿಳಿಯುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕದ ದಿನ ಗೊರವಯ್ಯನು ಎತ್ತರದ ಬಿಲ್ಲನ್ನು ಏರುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ನುಡಿ ಹೊರಬೀಳುತ್ತದೆ. ಮರುಕ್ಷಣ ಅವನು ಮೇಲಿನಿಂದ ಕೆಳಗೆ ಬೀಳುತ್ತಾನೆ. ಆ ಕ್ಷಣ ಮತ್ತೆ ದೊರೆಯಬೇಕಾದರೆ ಇನ್ನೊಂದು ವರ್ಷ ಕಾಯಬೇಕು. ಕೊಟ್ಟೂರಿನ ತೇರು ಗಾಲಿ ಉರುಳಿಸಿದ ಮೊದಲ ಘಳಿಗೆಯೂ ಅಂತಹುದೇ. ಇವು ಗಾಜಿನ ಫಲಕಕ್ಕೆ ಸಿಕ್ಕುವ ಸಂಗತಿಗಳಲ್ಲ.

ಯುದ್ಧ ಮುಗಿದ ಮೇಲೆ ಜರ್ಮನಿಯ ಸ್ಥಿತಿ ಶೋಚನೀಯವಾಯಿತು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4 ಲಕ್ಷ ಕೋಟಿಗೂ ಹೆಚ್ಚು ಮಾರ್ಕುಗಳನ್ನು ಕೊಡಬೇಕಾಗಿತ್ತು. ತಂದೆಯ ಮರಣಾನಂತರ 1920ರಿಂದ ಕಾರ್ಖಾನೆಯ ಭಾರ ಹೊತ್ತಿದ್ದ ಎರಡನೆಯ ಎರ್ನ್‌ಸ್ಟ್ ಲೈಟ್ಸನಿಗೆ ನೂರಾರು ಕೆಲಸಗಾರರ ಅನ್ನದ ಚಿಂತೆ. ಆ ಕಾಲದಲ್ಲಿಯೇ ಬರ್ನಾಕನ ಯಂತ್ರವನ್ನು ಪರೀಕ್ಷೆಗಾಗಿ ಇಪ್ಪತ್ತರ ಮೇಲೆ ಕೆಲವು ಪ್ರತಿಗಳಷ್ಟು ತಯಾರಿಸಿದರು. ಶೂನ್ಯಮಾಲೆ ಎಂದು ಅವುಗಳ ಹೆಸರು. ಅವುಗಳಲ್ಲಿ ಕುಂದಿತ್ತು. ಮುಂದಿನ ಚಿತ್ರಕ್ಕೆ ಫಿಲ್ಮನ್ನು ತಿರುಗಿಸುವಾಗ ಒಳಗಿನ ಪರದೆ ತೆರೆದೇ ಇರುತ್ತಿದ್ದುದರಿಂದ ಮಸೂರಕ್ಕೆ ಪ್ರತಿಸಲವೂ ಮುಚ್ಚಳ ಹಾಕಬೇಕಾಗಿತ್ತು. ನೋಡಿದವರಲ್ಲಿ ಹಲವರು ಮೂಗು ಮುರಿದರು. ಅಂಚೆ ಚೀಟಿಯಷ್ಟು ನೆಗೆಟಿವ್‌ನಿಂದ ಏನು ಚಿತ್ರ ಬಂದೀತೆಂಬುದು ಅನುಭವಿಗಳ ಆಕ್ಷೇಪವಾಗಿತ್ತು.

1924ರ ಜೂನಿನಲ್ಲಿ ಲೈಟ್ಸನು ತನ್ನ ಪ್ರಮುಖರನ್ನು ಕೂಡಿಸಿದನು. ಬಹಳ ಹೊತ್ತು ಚರ್ಚೆ ನಡೆಯಿತು. ಸೂಕ್ಷ್ಮದರ್ಶಕ ಮಾಡುವವರಿಗೆ ಕ್ಯಾಮರಾ ಏಕೆಂದು ಕೇಳಿದವರು ಅವಿವೇಕಿಗಳೇನೂ ಅಲ್ಲ. ಹಾಕಿದ ಹಣ ಮುಳುಗಿದರೆ ಇದ್ದ ಕಾರ್ಖಾನೆಯೂ ಮುಚ್ಚುವ ಭಯವಿತ್ತು. ಆದರೆ ಕೈಕಟ್ಟಿ ಕುಳಿತರೂ ಕೆಲಸವಿಲ್ಲದೆ ಕುಶಲಿಗಳನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಕೊನೆಗೆ ಲೈಟ್ಸನು ಎಲ್ಲ ಹೊಣೆಯನ್ನೂ ತನ್ನ ಮೇಲೆಯೇ ತೆಗೆದುಕೊಂಡು, ಬರ್ನಾಕನ ಯಂತ್ರವನ್ನು ತಯಾರಿಸತಕ್ಕದ್ದೆಂದು ತೀರ್ಪು ಕೊಟ್ಟು ಸಭೆ ಮುಗಿಸಿದನು. ಯಂತ್ರವನ್ನು ಮಾಡಿದ ಕೈಯಷ್ಟೇ ಈ ತೀರ್ಪು ಮಾಡಿದ ಎದೆಯೂ ದೊಡ್ಡದೆಂದು ನನಗೆ ತೋರುತ್ತದೆ.

1925ರ ವಸಂತದಲ್ಲಿ ಲೈಪ್‌ಜಿಗ್ ನಗರದ ಜಾತ್ರೆಯಲ್ಲಿ ಅದನ್ನು ಜನರ ಮುಂದಿಟ್ಟರು. ಲೈಟ್ಸ್ ಮತ್ತು ಕ್ಯಾಮರಾ ಎಂಬ ಎರಡು ಪದಗಳ ತಲೆಗಳನ್ನು ಕೂಡಿಸಿ ಲೈಕಾ ಎಂದು ಹೆಸರಿಟ್ಟಿದ್ದರು. ಮುಚ್ಚಳದ ಕಾಟ ತಪ್ಪಿತ್ತು. ಮ್ಯಾಕ್ಸ್ ಬೆರೆಕ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ರೂಪಿಸಿದ ಮಸೂರ, ಚಿಕ್ಕ ನೆಗೆಟಿವ್‌ನ ಮೇಲಿನ ಆಕ್ಷೇಪಕ್ಕೆ ಉತ್ತರ ಹೇಳಿತು. ಬೆರೆಕನ ಹೆಸರನ್ನು ಬರ್ನಾಕನ ಜೊತೆಗೇ ನೆನೆಯಬೇಕು. ಮಸೂರ ಮಬ್ಬಾಗಿದ್ದರೆ ಪೆಟ್ಟಿಗೆ ಎಷ್ಟು ಸುಂದರವಾದರೇನು?

ಆದರೂ ಒಂದು ಕೊರತೆ ಉಳಿದಿತ್ತು. ವಸ್ತು ಎಷ್ಟು ದೂರದಲ್ಲಿದೆಯೆಂದು ಕಣ್ಣಂದಾಜಿನಿಂದ ಹೇಳಬೇಕು, ಇಲ್ಲವೇ ಬೇರೊಂದು ದೂರಮಾಪಕವನ್ನು ಮೇಲೆ ಸಿಕ್ಕಿಸಿಕೊಂಡು ಅಳೆದು, ಆ ಅಂಕೆಯನ್ನು ಮಸೂರದ ಮೇಲೆ ಕೂಡಿಸಬೇಕು. 1932ರಲ್ಲಿ ಹೊರಬಂದ ಎರಡನೆಯ ಲೈಕಾದಲ್ಲಿ ದೂರಮಾಪಕವು ಕ್ಯಾಮರಾದ ಮೈಯೊಳಗೇ ಸೇರಿ ಮಸೂರದೊಡನೆ ಕೂಡಿಕೊಂಡಿತು. ತತ್ತ್ವ ಸರಳವಾದದ್ದು. ನಮ್ಮ ಎರಡು ಕಣ್ಣುಗಳಂತೆ ಅಂತರವಿಟ್ಟು ಎರಡು ಕಿಟಕಿಗಳು. ಒಂದರಿಂದ ನೇರವಾಗಿ, ಇನ್ನೊಂದರಿಂದ ಕನ್ನಡಿಯ ಮೂಲಕ ಒಂದೇ ವಸ್ತುವಿನ ಎರಡು ಬಿಂಬಗಳು ಬಂದು ಬೀಳುತ್ತವೆ. ಮಸೂರವನ್ನು ತಿರುಗಿಸಿದಂತೆ ಒಂದು ಬಿಂಬ ಸರಿಯುತ್ತದೆ. ಎರಡೂ ಒಂದರ ಮೇಲೊಂದು ಕುಳಿತಾಗ ಚಿತ್ರ ಸ್ಪಷ್ಟ. ಇಂದಿನ ಹವ್ಯಾಸಿಗಳು ಜೀವ ಬಿಡುವ ರೇಂಜ್‌ಫೈಂಡರ್ ಎಂಬುದು ಇದೇ.

ಕ್ಯಾಮರಾ ದೇಶದೇಶಗಳಿಗೆ ಹೋಯಿತು; ಬರ್ನಾಕನು ವೆಟ್ಸ್‌ಲರಿನಲ್ಲಿ ಕೆಲಸದ ಮೇಜಿನ ಮುಂದೆಯೇ ಉಳಿದನು. ಉಬ್ಬಸವು ಅವನನ್ನು ಬಿಡಲಿಲ್ಲ. 1936ರ ಜನವರಿ 16ರಂದು ಬಾಡ್ ನೌಹೈಮ್ ಎಂಬ ಆರೋಗ್ಯಧಾಮದ ಊರಿನಲ್ಲಿ ತೀರಿಕೊಂಡನು. ಐವತ್ತಾರು ವರ್ಷ ಸಾಯುವ ವಯಸ್ಸಲ್ಲ. 1948ರ ಜನವರಿಯಲ್ಲಿ ಫ್ರಾನ್ಸಿನ ಕಾರ್ತಿಯೆ ಬ್ರೆಸನ್ ದಿಲ್ಲಿಯಲ್ಲಿದ್ದು ಗಾಂಧೀಜಿಯವರ ಅಂತ್ಯಯಾತ್ರೆಯ ಶೋಕಸಾಗರವನ್ನು ಲೈಕಾದಲ್ಲಿ ಹಿಡಿದಿಟ್ಟದ್ದನ್ನು ಅವನು ಕಾಣಲಿಲ್ಲ. ಇಂದಿಗೂ ಮುಂದುವರಿದಿರುವ ಎಂ ಮಾಲೆಯ ಮೊದಲ ಕ್ಯಾಮರಾ 1954ರಲ್ಲಿ ಬಂದದ್ದನ್ನೂ ಕಾಣಲಿಲ್ಲ.

ಫಿಲ್ಮಿನ ಕಾಲ ಹೋಗಿ ಡಿಜಿಟಲ್ ಕಾಲ ಬಂದಾಗ ಅವನ ಅಳತೆಯೂ ಹೋಯಿತೆಂದು ಕೆಲವರು ಬಗೆದರು. 2006ರಲ್ಲಿ ಬಂದ ಮೊದಲ ಡಿಜಿಟಲ್ ಎಂ ಕ್ಯಾಮರಾದಲ್ಲಿ ಬೆಳಕು ಬೀಳುವ ಫಲಕ ಅದಕ್ಕಿಂತ ಚಿಕ್ಕದಾಗಿದ್ದಿತು. 2009ರ ಮಾದರಿಯಲ್ಲಿ ಮತ್ತೆ 24ಕ್ಕೆ 36 ಬಂದಿತು. ಪೂರ್ಣ ಚೌಕಟ್ಟು ಎಂದು ಇಂದು ಎಲ್ಲ ಕಂಪನಿಗಳೂ ಹೇಳಿಕೊಳ್ಳುವುದು ಈ ಅಳತೆಯನ್ನೇ.

ಶೂನ್ಯಮಾಲೆಯ ಯಂತ್ರಗಳಲ್ಲಿ 105ನೆಯ ಸಂಖ್ಯೆಯದು ಬರ್ನಾಕನ ಸ್ವಂತದ್ದಾಗಿತ್ತು. ನೆತ್ತಿಯ ಮೇಲಿನ ನೋಟದ ಕೊಳವೆಯ ಮೇಲೆ ಅವನ ಹೆಸರು ಕೆತ್ತಿದೆ. ಮನೆಯವರ ಚಿತ್ರಗಳನ್ನು ಅವನು ತೆಗೆಯುತ್ತಿದ್ದದ್ದು ಅದರಲ್ಲಿಯೇ. 2022ರ ಜೂನಿನಲ್ಲಿ ವೆಟ್ಸ್‌ಲರಿನಲ್ಲಿ ನಡೆದ ಹರಾಜಿನಲ್ಲಿ ಆ ಕ್ಯಾಮರಾ 1 ಕೋಟಿ 44 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅಲ್ಲಿಯವರೆಗೆ ಯಾವ ಕ್ಯಾಮರಾಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ.