ದಿವಾನಗಿರಿ ತೊರೆದ ಸರ್ ಎಂ.ವಿ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕಟ್ಟಿದ್ದನ್ನು ನಾಡು ಬಲ್ಲದು. ಅಧಿಕಾರ ಬಿಟ್ಟ ಬಗೆಯನ್ನು ನೆನೆಯುವವರು ಕಡಿಮೆ. 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದ ಅವರು ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು.

ಮೈಸೂರು ಬ್ಯಾಂಕ್, ವಿಶ್ವವಿದ್ಯಾನಿಲಯಗಳು ತಲೆಯೆತ್ತಿದ್ದವು. ಕನ್ನಂಬಾಡಿ ಕಟ್ಟೆಯ ಕಾಮಗಾರಿ ಇನ್ನೂ ಮುಗಿದಿರಲಿಲ್ಲ. ಆ ಹೊತ್ತಿನಲ್ಲಿ ಭಿನ್ನಾಭಿಪ್ರಾಯ ಬಲಿಯಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯ ಹೆಚ್ಚಿಸುವ ಬಗ್ಗೆ ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೇ ಮಾನದಂಡವಾಗಬೇಕೆಂಬುದು ದಿವಾನರ ನಿಲುವು. ಅಕ್ಷರದಿಂದ ದೂರವೇ ಉಳಿದಿದ್ದ ಸಮುದಾಯಗಳಿಗೆ ಆ ಮಾತು ನ್ಯಾಯವಾಗಿ ಕಂಡಿರಲಾರದು.

ಆದರೆ ಒಪ್ಪದ ನೀತಿಯನ್ನು ಕುರ್ಚಿಯಲ್ಲೇ ಕುಳಿತು ಕೆಡಿಸುವ ಹಾದಿಯನ್ನು ಅವರು ಹಿಡಿಯಲಿಲ್ಲ; ಬೀದಿರಂಪವನ್ನೂ ಮಾಡಲಿಲ್ಲ. 1918ರ ಡಿಸೆಂಬರಿನಲ್ಲಿ ಹುದ್ದೆ ತೊರೆದರು. ಎಂ. ಕಾಂತರಾಜ ಅರಸು ಆ ಸ್ಥಾನಕ್ಕೆ ಬಂದರು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಅರಮನೆಗೆ ಹೋದವರು ಸ್ವಂತ ಕಾರಿನಲ್ಲಿ ಮರಳಿದರೆಂಬ ಕಥೆ ಇಂದಿಗೂ ಜನಜನಿತ. ಕಥೆ ನಿಜವೋ ಅಲ್ಲವೋ, ಅವರ ಸ್ವಭಾವಕ್ಕಂತೂ ಒಪ್ಪುವಂಥದು.

ಬಾಗಿಲು ಮುಚ್ಚಿರಲಿಲ್ಲ. 1923ರಲ್ಲಿ ಭದ್ರಾವತಿ ಕಬ್ಬಿಣ ಕಾರ್ಖಾನೆ ಸಂಕಷ್ಟದಲ್ಲಿದ್ದಾಗ ಅದೇ ಮೈಸೂರು ಸರ್ಕಾರ ಅವರನ್ನು ಕರೆಯಿತು. ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು.