ಮೋಗ್ಲಿಂಗರು: ದೇವಶಾಸ್ತ್ರದಿಂದ ಸಮಾಜದ ಕಡೆಗೆ

ಹರ್ಮನ್ ಮೋಗ್ಲಿಂಗರ ಹೆಸರು ಇಂದು ಬಹುಮಟ್ಟಿಗೆ ‘ಮಂಗಳೂರ ಸಮಾಚಾರ’ದೊಡನೆ ಬೆಸೆದುಕೊಂಡಿದೆ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದ ಆ ಪತ್ರಿಕೆಗೆ ಕನ್ನಡದ ಮೊದಲ ಪತ್ರಿಕೆಯೆಂಬ ಮನ್ನಣೆ ಇರುವುದರಿಂದ ಇದು ಸಹಜವೇ. ಆದರೆ ದೇವಶಾಸ್ತ್ರವನ್ನು ಕಲಿತು ಬಂದ ಈ ಪಾದ್ರಿ ಜನಜೀವನದ ಅಧ್ಯಯನಕ್ಕೆ ತೊಡಗಿದ ಬಗೆ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ.

1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮಿನಲ್ಲಿ ಹುಟ್ಟಿದ ಮೋಗ್ಲಿಂಗರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಅಭ್ಯಸಿಸಿದರು. ಬೈಬಲನ್ನು ಚರಿತ್ರೆಯ ಬೆಳಕಿನಲ್ಲಿ ಓದುವ ವಿಮರ್ಶಾಪದ್ಧತಿಯನ್ನು ಎಫ್. ಸಿ. ಬೌರ್ ಅಲ್ಲಿ ಬೋಧಿಸುತ್ತಿದ್ದ ಕಾಲವದು. ಒಂದೆಡೆ ಆ ವಿಮರ್ಶೆ, ಇನ್ನೊಂದೆಡೆ ವುರ್ಟೆಂಬರ್ಗಿನ ಭಕ್ತಿಪಂಥ. ಇವೆರಡರ ನಡುವೆ ಬೆಳೆದವರು ಬಾಸೆಲ್ ಮಿಶನ್ನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು.

ಧರ್ಮಪ್ರಸಾರವೇ ಅವರ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿಣ್ಯರು ಕ್ರೈಸ್ತರಾದಾಗ ಮಂಗಳೂರು ಕ್ಷೋಭೆಗೊಂಡಿತು. ಆದರೂ ಇದೇ ಪ್ರಸಾರಕರು, ಮದರಾಸು ಆಡಳಿತದಲ್ಲಿ ನ್ಯಾಯಾಧೀಶರಾಗಿದ್ದ ಕಾಸಾಮೇಜರರ ಧನಸಹಾಯದಿಂದ, 1848ರಿಂದ ಮುಂದಿನ ಐದಾರು ವರ್ಷಗಳಲ್ಲಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯನ್ನು ಹೊರತಂದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಕಲ್ಲಚ್ಚಿಗೆ ಏರಿದ್ದು ಹೀಗೆ. ಯಾವ ಮತಗಳನ್ನು ಖಂಡಿಸಬೇಕೆಂದು ಬಂದಿದ್ದರೋ ಅವುಗಳ ಗ್ರಂಥಗಳನ್ನೇ ಉಳಿಸಿಕೊಟ್ಟರು. ಜನರನ್ನು ತಿಳಿಯದೆ ಅವರಿಗೆ ಬೋಧಿಸಲಾಗದೆಂಬುದು ಮೊದಲ ಕಾರಣವಿರಬಹುದು. ಆದರೆ ಅಷ್ಟಕ್ಕೇ ಇಷ್ಟು ಶ್ರಮ ಬೇಕಿರಲಿಲ್ಲ.

1853ರಲ್ಲಿ ಅವರು ಕೊಡಗಿಗೆ ಹೋದರು. ಕ್ರೈಸ್ತಮತವನ್ನು ಸ್ವೀಕರಿಸಿದ ಅಳಮಂಡ ಸೋಮಯ್ಯ ಇದಕ್ಕೆ ನಿಮಿತ್ತ. ಎರಡೇ ವರ್ಷಗಳಲ್ಲಿ, 1855ರಲ್ಲಿ, ‘ಕೂರ್ಗ್ ಮೆಮ್ವಾರ್ಸ್’ ಎಂಬ ಇಂಗ್ಲಿಷ್ ಗ್ರಂಥ ಬೆಂಗಳೂರಿನಲ್ಲಿ ಪ್ರಕಟವಾಯಿತು. ನಾಡಿನ ನೆಲ, ಕೊಡವರ ಮನೆತನ, ಹಬ್ಬಹರಿದಿನ, ಪಿತೃಪೂಜೆ, ಭೂತಾರಾಧನೆ, ಅರಸರ ಚರಿತ್ರೆ ಎಲ್ಲವೂ ಅದರಲ್ಲಿವೆ. ಗ್ರಂಥದ ದೋಷವೂ ಸ್ಪಷ್ಟ. ಆಚರಣೆಯನ್ನು ಕಣ್ಣಾರೆ ಕಂಡಂತೆ ವರ್ಣಿಸುವ ಲೇಖನಿ, ಅದರ ಅರ್ಥವನ್ನು ಹೇಳುವಲ್ಲಿ ಪಾದ್ರಿಯ ಲೇಖನಿಯಾಗಿಬಿಡುತ್ತದೆ. ಪೂಜೆ ಅಲ್ಲಿ ಅಜ್ಞಾನವೆನಿಸುತ್ತದೆ. ಅರಸರ ಕ್ರೌರ್ಯದ ಕಥನ 1834ರ ಬ್ರಿಟಿಷ್ ಸ್ವಾಧೀನಕ್ಕೆ ಸಮರ್ಥನೆಯಾಗಿ ಒದಗುತ್ತದೆ. ಸುಮಾರು ನೂರು ವರ್ಷಗಳ ಬಳಿಕ, 1952ರಲ್ಲಿ, ಮೈಸೂರಿನ ಎಂ. ಎನ್. ಶ್ರೀನಿವಾಸರು ಇದೇ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದಾಗ ಪ್ರಶ್ನೆಯೇ ಬದಲಾಗಿತ್ತು. ಆಚರಣೆ ಸತ್ಯವೋ ಮಿಥ್ಯೆಯೋ ಎಂಬುದನ್ನು ಬದಿಗಿಟ್ಟು, ಅದು ಒಕ್ಕವನ್ನೂ ಊರನ್ನೂ ಹೇಗೆ ಒಂದಾಗಿ ಹಿಡಿದಿಡುತ್ತದೆ ಎಂಬುದನ್ನು ಅವರು ನೋಡಿದರು. ಮೋಗ್ಲಿಂಗರಿಗೆ ಆ ಪ್ರಶ್ನೆಯನ್ನು ಬದಿಗಿಡುವ ಸ್ವಾತಂತ್ರ್ಯವಿರಲಿಲ್ಲ.

ಆದರೆ ಶಾಸ್ತ್ರಜ್ಞನಿಗೆ ಅಗತ್ಯವಲ್ಲದ ಹೊಣೆಯೊಂದನ್ನು ಅವರ ದೇವಶಾಸ್ತ್ರ ಅವರ ಮೇಲೆ ಹೊರಿಸಿತು. ಕೊಡವ ಮನೆತನಗಳು ಮತಾಂತರಕ್ಕೆ ಒಲಿಯಲಿಲ್ಲ; ಬಂದವರಲ್ಲಿ ಹೆಚ್ಚಿನವರು ಆ ಮನೆತನಗಳ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ಹೊಲೆಯರು. ಅವರಿಗಾಗಿ ಆನಂದಪುರವೆಂಬ ನೆಲೆ ರೂಪುಗೊಂಡಿತು. ಅದಕ್ಕೆ ಕೌಂಡಿಣ್ಯರ ಹಣ ಒದಗಿತು. ಬ್ರಾಹ್ಮಣ ಮನೆತನದ ಆಸ್ತಿ ಜೀತದಾಳುಗಳ ನೆಲೆಗೆ ಸಂದ ಈ ಪ್ರಸಂಗ ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಇನ್ನೂ ತಕ್ಕ ಸ್ಥಾನ ಪಡೆದಿಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಅದಕ್ಕೆ ಕಾರಣವಾದದ್ದು ಕನ್ನಡ ಸಾಹಿತ್ಯಕ್ಕೆ ಸಂದ ಅವರ ಸೇವೆಯೇ ಹೊರತು ದೇವಶಾಸ್ತ್ರದ ಪಾಂಡಿತ್ಯವಲ್ಲ. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಆ ವರ್ಷದಿಂದಲೇ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಅವರು ಅನುವಾದಿಸಿದ ಹರಿದಾಸರ ಪದಗಳು ಕಾಣಿಸಿಕೊಳ್ಳತೊಡಗಿದವು. 1881ರ ಮೇ ತಿಂಗಳಲ್ಲಿ ಎಸ್ಲಿಂಗನ್ನಿನಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದವರು ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟ್.