ಕಣ್ಣಿನ ಒಳಮನೆಯನ್ನು ಕಂಡವನು

ಹೆರ್ಮನ್ ಹೆಲ್ಮ್‌ಹೋಲ್ಟ್ಸನ ಹೆಸರನ್ನು ಭೌತಶಾಸ್ತ್ರ ಓದಿದವರೆಲ್ಲರೂ ಒಮ್ಮೆಯಾದರೂ ಕೇಳಿರುತ್ತಾರೆ. ಶಕ್ತಿಯು ರೂಪ ಬದಲಿಸುವುದೇ ಹೊರತು ಅಳಿಯುವುದಿಲ್ಲವೆಂಬ ತತ್ತ್ವವನ್ನು ಗಣಿತದ ಭದ್ರವಾದ ತಳಹದಿಯ ಮೇಲೆ ನಿಲ್ಲಿಸಿದವರಲ್ಲಿ ಈತ ಅಗ್ರಗಣ್ಯ. ಆದರೆ ಕಣ್ಣಿನ ವೈದ್ಯರು ನಮ್ಮ ಮುಖದ ಬಳಿಗೆ ಬಾಗಿ, ಸಣ್ಣ ದೀಪದ ಉಪಕರಣವೊಂದನ್ನು ಹಿಡಿದು ಪಾಪೆಯೊಳಗೆ ಇಣುಕುವಾಗ, ಅವರ ಕೈಯಲ್ಲಿರುವುದು ಇದೇ ಮನುಷ್ಯನ ಬುದ್ಧಿಯ ಫಲವೆಂಬುದನ್ನು ಬಲ್ಲವರು ವಿರಳ. ತತ್ತ್ವವು ಪುಸ್ತಕದಲ್ಲಿ ಉಳಿಯಿತು. ಉಪಕರಣವು ಊರೂರಿನ ಆಸ್ಪತ್ರೆಗೂ ಬಂದಿತು.

ಸಂಪಾಜೆಯಲ್ಲಿ, ಘಟ್ಟದ ಬುಡದ ಅಡಕೆತೋಟದ ನಡುವೆ ಬೆಳೆದ ನನಗೆ ಈತನ ಜೀವನಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದುದು ನನ್ನ ದೊಡ್ಡಪ್ಪನ ದೆಸೆಯಿಂದ. ಎಂಬತ್ತರ ಹೊಸ್ತಿಲಲ್ಲಿದ್ದ ಅವರು, ಅಂಗಳದಾಚೆಯ ಅಡಕೆಮರಗಳು ನಡುವಿನಲ್ಲಿ ಡೊಂಕಾಗಿವೆಯೆಂದು ಹೇಳತೊಡಗಿದರು. ಮರಗಳೇನೋ ನೂಲು ಹಿಡಿದಂತೆ ನೆಟ್ಟಗೇ ಇದ್ದವು. ಬಯಲಾಟಕ್ಕೆ ಹೋದರೆ ವೇಷಧಾರಿಯ ಕಿರೀಟದ ಅಂಚೂ ಭುಜಕೀರ್ತಿಯ ಹೊಳಪೂ ಕಾಣುವುದು, ಮುಖವಿರಬೇಕಾದಲ್ಲಿ ಮಾತ್ರ ಮಸಿ ಒರೆಸಿದಂತಿರುವುದು. ಊರವರೆಲ್ಲರೂ ಇದು ಪೊರೆಯೇ ಸರಿ, ಮಳೆಗಾಲ ಕಳೆದ ಮೇಲೆ ತೆಗೆಸಿದರಾಯಿತು ಎಂದರು. ಮಂಗಳೂರಿನ ವೈದ್ಯರೊಬ್ಬರು ಕಣ್ಣಿನೊಳಗೆ ನೋಡಿದ ಕೆಲವೇ ನಿಮಿಷಗಳಲ್ಲಿ, ತೊಂದರೆಯಿರುವುದು ಮುಂದಿನ ಮಸೂರದಲ್ಲಲ್ಲ, ಹಿಂದಿನ ಪರದೆಯಲ್ಲಿ ಎಂದು ತಿಳಿಸಿದರು. ಒಂದು ಕಣ್ಣಿನಲ್ಲಿ ಕಾಲ ಮೀರಿತ್ತು, ಇನ್ನೊಂದು ಉಳಿಯಿತು.

ಈ ಬೇನೆಯ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಣ್ಣಿನ ಹಿಂಗೋಡೆಗೆ ಹೊದಿಸಿದಂತೆ ಅಕ್ಷಿಪಟವಿದೆ. ಅದರ ನಡುವೆ, ಕೆಲವೇ ಮಿಲಿಮೀಟರು ಅಗಲದ ಒಂದು ತಾಣ. ಇದನ್ನು ಮ್ಯಾಕುಲ ಎನ್ನುತ್ತಾರೆ, ಹಳದಿ ಚುಕ್ಕೆಯೆಂದೂ ಕರೆಯುವುದುಂಟು. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖದ ಗುರುತು ಹಿಡಿಯುವುದು ಎಲ್ಲವೂ ಈ ತಾಣದ ಕೆಲಸ. ವಯಸ್ಸಾದಂತೆ ಕೆಲವರಲ್ಲಿ ಇದು ಸವೆಯುತ್ತದೆ. ನಿಧಾನವಾಗಿ ಒಣಗುತ್ತ ಹೋಗುವುದು ಒಂದು ಬಗೆ. ಪಟದ ಕೆಳಗೆ ಬೇಡದ ರಕ್ತನಾಳಗಳು ಚಿಗುರಿ, ಸೋರಿ, ವಾರಗಳಲ್ಲೋ ತಿಂಗಳುಗಳಲ್ಲೋ ನೋಟವನ್ನು ಕೆಡಿಸುವುದು ಇನ್ನೊಂದು ಬಗೆ. ಸುತ್ತಲ ನೋಟ ಉಳಿಯುವುದರಿಂದ ಮನುಷ್ಯ ನಡೆದಾಡಬಲ್ಲ. ಆದರೆ ಎದುರಿಗೆ ನಿಂತ ಮೊಮ್ಮಗನ ಮುಖ ಕಾಣಲಾರ. ಪೊರೆಯು ಬೆಳಕಂಡಿಯ ಗಾಜು ಮಸುಕಾದಂತೆ. ಇದು ಒಳಗಿನ ಗೋಡೆಯೇ ಶಿಥಿಲವಾದಂತೆ. ಹೊರಗೆ ನಿಂತು ನೋಡುವವನಿಗೆ ಇವೆರಡರ ಭೇದ ತಿಳಿಯದು. ಅದನ್ನು ತಿಳಿಯುವ ದಾರಿಯನ್ನು ಲೋಕಕ್ಕೆ ತೋರಿದವನೇ ಹೆಲ್ಮ್‌ಹೋಲ್ಟ್ಸ್.

ಈತ ಹುಟ್ಟಿದುದು 1821ರ ಆಗಸ್ಟ್ 31ರಂದು, ಬರ್ಲಿನ್ನಿನ ಸಮೀಪದ ಪಾಟ್ಸ್‌ಡಾಮಿನಲ್ಲಿ. ತಂದೆ ಪ್ರೌಢಶಾಲೆಯ ಉಪಾಧ್ಯಾಯ. ವಿದ್ಯೆ ಬಹಳ, ಸಂಬಳ ಅಲ್ಪ. ಹುಡುಗನ ದೇಹಪ್ರಕೃತಿ ದುರ್ಬಲ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಬಾಯಿಪಾಠ ಮಾಡುವುದೆಂದರೆ ಅವನಿಗೆ ಕಷ್ಟ. ತರಗತಿಯಲ್ಲಿ ಲ್ಯಾಟಿನ್ ಪಾಠ ನಡೆಯುತ್ತಿರುವಾಗ ಈತ ಮೇಜಿನ ಅಡಿಯಲ್ಲಿ ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುತ್ತಿದ್ದನೆಂದು ಮುಂದೆ ಇಳಿವಯಸ್ಸಿನಲ್ಲಿ ತಾನೇ ನೆನೆದುಕೊಂಡಿದ್ದಾನೆ. ಆ ಕಿರಣಗಳು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಭೌತಶಾಸ್ತ್ರ ಓದಬೇಕೆಂಬುದು ಮಗನ ಆಸೆ. ಅದಕ್ಕೆ ಬೇಕಾದ ಹಣ ತಂದೆಯ ಬಳಿ ಇರಲಿಲ್ಲ. ವೈದ್ಯ ಕಲಿತು ಎಂಟು ವರ್ಷ ಸೈನ್ಯದಲ್ಲಿ ದುಡಿಯುವುದಾಗಿ ಒಪ್ಪಿಕೊಂಡವರಿಗೆ ಪ್ರಷ್ಯದ ಸರಕಾರ ಬರ್ಲಿನ್ನಿನಲ್ಲಿ ಶಿಕ್ಷಣ ಕೊಡುತ್ತಿತ್ತು. ಹೆಲ್ಮ್‌ಹೋಲ್ಟ್ಸನು ಆ ಬಾಗಿಲಿನಿಂದ ಒಳಹೊಕ್ಕನು. ಓದುವ ಕಾಲದಲ್ಲಿ ವಿಷಮಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವಿದ್ಯಾರ್ಥಿಯಾದುದರಿಂದ ಅಲ್ಲಿ ಖರ್ಚಿಲ್ಲ. ಹಾಗೆ ಉಳಿದ ಪುಡಿಗಾಸಿನಿಂದ ಒಂದು ಸೂಕ್ಷ್ಮದರ್ಶಕವನ್ನು ಕೊಂಡುಕೊಂಡನು. ಅದರ ನೆರವಿನಿಂದಲೇ 1842ರ ಪ್ರೌಢಪ್ರಬಂಧ ಸಿದ್ಧವಾಯಿತು. ಕಾಯಿಲೆಯಿಂದ ಇಷ್ಟು ಲಾಭ ಪಡೆದವರು ಹೆಚ್ಚು ಮಂದಿ ಇರಲಾರರು.

ಪಾಟ್ಸ್‌ಡಾಮಿನ ಸೈನಿಕ ವೈದ್ಯನಾಗಿದ್ದಾಗ, ದಂಡಿನ ವಸತಿಯಲ್ಲೇ ಪುಟ್ಟ ಪ್ರಯೋಗಶಾಲೆಯೊಂದನ್ನು ಹೂಡಿಕೊಂಡನು. 1847ರಲ್ಲಿ, ಇಪ್ಪತ್ತಾರನೆಯ ವರ್ಷದಲ್ಲಿ, ಶಕ್ತಿ ಸಂರಕ್ಷಣೆಯ ಪ್ರಬಂಧವನ್ನು ಬರ್ಲಿನ್ನಿನ ವಿದ್ವತ್ಸಭೆಯ ಮುಂದಿಟ್ಟನು. ಆ ಕಾಲದ ಪ್ರಮುಖ ಪತ್ರಿಕೆ ಅದನ್ನು ಅಚ್ಚುಹಾಕಲು ಒಪ್ಪದೆ ಹಿಂದಿರುಗಿಸಿತು. ಕೊನೆಗೆ ಅದು ಬೇರೆಯೇ ಪುಸ್ತಿಕೆಯಾಗಿ ಹೊರಬಂದಿತು. ಹಿರಿಯ ವಿಜ್ಞಾನಿ ಅಲೆಕ್ಸಾಂಡರ್ ಹುಂಬೋಲ್ಟರ ನೆರವಿನಿಂದ 1848ರಲ್ಲಿ ಸೈನ್ಯದ ಕರಾರಿನಿಂದ ಬಿಡುಗಡೆ ದೊರೆಯಿತು. ಮರುವರ್ಷ ದೂರದ ಕೋನಿಗ್ಸ್‌ಬರ್ಗಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ ಪದವಿ. ಜೊತೆಗೇ ಓಲ್ಗಾಳೊಡನೆ ವಿವಾಹ. ಅಲ್ಲಿ ಕಪ್ಪೆಯ ನರದಲ್ಲಿ ಪ್ರಚೋದನೆ ಸಾಗುವ ವೇಗವನ್ನು ಅಳೆದು, ಅದು ಸೆಕೆಂಡಿಗೆ ಸುಮಾರು 27 ಮೀಟರು ಮಾತ್ರವೆಂದು ತೋರಿಸಿದನು. ಅದನ್ನು ಅಳೆಯುವುದು ಮನುಷ್ಯರಿಂದಾಗದೆಂದು ಅವನ ಗುರುವೇ ಭಾವಿಸಿದ್ದರು.

1850ರ ಕಡೆಯಲ್ಲಿ, ವಿದ್ಯಾರ್ಥಿಗಳಿಗೆ ಪಾಠ ಹೇಳಲು ಅಣಿಯಾಗುತ್ತಿದ್ದಾಗ, ಮಕ್ಕಳು ಕೇಳುವಂತಹ ಒಂದು ಪ್ರಶ್ನೆ ಅವನ ಮುಂದೆ ನಿಂತಿತು. ಕಣ್ಣಿನ ಪಾಪೆ ಕಪ್ಪಗೇಕೆ? ಒಳಗೆ ಹೋದ ಬೆಳಕೆಲ್ಲವೂ ಅಲ್ಲೇ ಇಂಗುವುದೆಂದು ಬಹುಮಂದಿ ನಂಬಿದ್ದರು. ನಿಜಸ್ಥಿತಿ ಹಾಗಿರಲಿಲ್ಲ. ಒಳಹೊಕ್ಕ ಬೆಳಕಿನ ಒಂದಂಶ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ಕಾಣಬೇಕಾದರೆ ನೋಡುವವನ ಕಣ್ಣು ದೀಪವಿರುವ ತಾಣದಲ್ಲೇ ಇರಬೇಕು. ಅಲ್ಲಿ ತಲೆಯಿಟ್ಟರೆ ದೀಪವೇ ಮರೆಯಾಗುತ್ತದೆ. ಹೆಲ್ಮ್‌ಹೋಲ್ಟ್ಸನು ತೆಳುವಾದ ಗಾಜಿನ ಬಿಲ್ಲೆಗಳನ್ನು ಓರೆಯಾಗಿ ನಿಲ್ಲಿಸಿದನು. ಪಕ್ಕದ ದೀಪದ ಬೆಳಕು ಗಾಜಿನಿಂದ ಮರಳಿ ರೋಗಿಯ ಕಣ್ಣಿಗೆ ಹೋಯಿತು; ಕಣ್ಣಿನಿಂದ ಹಿಂದಿರುಗಿದ ಬೆಳಕು ಅದೇ ಗಾಜನ್ನು ಹಾದು ನೋಡುವವನ ಕಣ್ಣಿಗೆ ಬಂದಿತು. ರಟ್ಟು, ಅಂಟು, ಕನ್ನಡಕದ ಮಸೂರ, ಸೂಕ್ಷ್ಮದರ್ಶಕದ ಗಾಜು: ಇವಿಷ್ಟೇ ಸಾಮಗ್ರಿ. ಕೆಲವು ದಿನಗಳ ಪ್ರಯತ್ನದ ತರುವಾಯ, ಬದುಕಿರುವ ಮನುಷ್ಯನ ಅಕ್ಷಿಪಟವೂ ಅದರ ಮೇಲೆ ಹರಡಿದ ರಕ್ತನಾಳಗಳೂ ಅವನಿಗೆ ಸ್ಪಷ್ಟವಾಗಿ ಗೋಚರವಾದವು. ಡಿಸೆಂಬರಿನಲ್ಲಿ ಬರ್ಲಿನ್ನಿನ ಸಭೆಗೆ ಸುದ್ದಿ ಹೋಯಿತು. 1851ರಲ್ಲಿ ಪುಸ್ತಿಕೆ ಹೊರಬಂದಿತು. ಇದೇ ನೇತ್ರದರ್ಶಕ.

ಎಲ್ಲರೂ ಕೂಡಲೇ ಕೊಂಡಾಡಲಿಲ್ಲ. ಬೇನೆಯಾದ ಕಣ್ಣಿಗೆ ತೀಕ್ಷ್ಣವಾದ ಬೆಳಕನ್ನು ಹಾಯಿಸುವುದು ಅಪಾಯವೆಂದು ಒಬ್ಬ ಶಸ್ತ್ರವೈದ್ಯನೆಂದನು. ಕಣ್ಣು ಮಂದವಾದ ವೈದ್ಯರಿಗೆ ಇದು ಬೇಕಾದೀತು, ತನಗೆ ಬೇಡವೆಂದು ಇನ್ನೊಬ್ಬನೆಂದನು. ಆದರೆ ಬರ್ಲಿನ್ನಿನ ತರುಣ ವೈದ್ಯ ಆಲ್ಬ್ರೆಕ್ಟ್ ಗ್ರೇಫೆಯೂ, ಹಾಲೆಂಡಿನ ಉಟ್ರೆಕ್ಟಿನ ಡಾಂಡರ್ಸನೂ ಹೊಸ ಲೋಕವೊಂದು ತೆರೆದುದನ್ನು ಒಡನೆಯೇ ಗುರುತಿಸಿದರು. ಅದುವರೆಗೆ ವೈದ್ಯನೂ ಕಾಣದ, ರೋಗಿಯೂ ಕಾಣದ ಕುರುಡಿಗೆ ಈಗ ಕಾರಣಗಳು ಕಾಣತೊಡಗಿದವು.

ಇಲ್ಲಿಂದ ಮುಂದೆ ನಮ್ಮ ಬೇನೆಯ ಚರಿತ್ರೆ ಆರಂಭ. 1855ರಲ್ಲಿ ಡಾಂಡರ್ಸನು ಮುದಿಗಣ್ಣುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅಕ್ಷಿಪಟದ ಕೆಳಗೆ ಸಣ್ಣ ಗಂಟುಗಳಂತಹ ಶೇಖರಣೆಗಳನ್ನು ವರ್ಣಿಸಿದನು. ಇಂದಿಗೂ ಈ ರೋಗದ ಮೊದಲ ಗುರುತು ಅವೇ. ಅದೇ 1855ರಲ್ಲಿ, ಇನ್ನೊಬ್ಬ ಜರ್ಮನ್ ಹೆರ್ಮನ್, ಕನ್ನಡಿಗರಿಗೆ ಸುಪರಿಚಿತನಾದ ಮೋಗ್ಲಿಂಗನು, ಕೊಡಗಿನ ಕುರಿತಾದ ತನ್ನ ಗ್ರಂಥವನ್ನು ಪ್ರಕಟಿಸಿದನೆಂಬುದನ್ನು ನೆನೆದರೆ, ಈ ಕಾಲ ನಮಗೆ ಅಷ್ಟೇನೂ ದೂರವೆನಿಸುವುದಿಲ್ಲ. 1870ರ ದಶಕದಲ್ಲಿ ಲಂಡನ್ನಿನ ಹಚಿನ್ಸನ್ ಮತ್ತು ಟೇ ಎಂಬ ವೈದ್ಯರು ಮುದುಕರ ಎರಡೂ ಕಣ್ಣುಗಳ ನಡುಭಾಗದಲ್ಲಿ ಒಂದೇ ತೆರನಾಗಿ ಬರುವ ಈ ಕೇಡನ್ನು ನೇತ್ರದರ್ಶಕದಿಂದ ಕಂಡು ಬರೆದರು. 1885ರಲ್ಲಿ ಸ್ವಿಟ್ಜರ್ಲೆಂಡಿನ ಹಾಬನು ಅದಕ್ಕೆ ಮುಪ್ಪಿನ ಮ್ಯಾಕುಲ ಕ್ಷಯವೆಂಬ ಅರ್ಥದ ಹೆಸರಿಟ್ಟನು. ಹೆಸರು ದೊರೆಯಿತು, ಮದ್ದು ದೊರೆಯಲಿಲ್ಲ.

ಹೆಲ್ಮ್‌ಹೋಲ್ಟ್ಸನು ಅಷ್ಟರಲ್ಲಿ ಬೇರೆ ಕ್ಷೇತ್ರಗಳಿಗೆ ದಾಟಿದ್ದನು. ಹೆಂಡತಿಯ ಎದೆಯ ಬೇನೆಗೆ ಕೋನಿಗ್ಸ್‌ಬರ್ಗಿನ ಚಳಿ ಹಿಡಿಸದೆ, 1855ರಲ್ಲಿ ಬಾನ್ ನಗರಕ್ಕೂ, 1858ರಲ್ಲಿ ಹೈಡೆಲ್‌ಬರ್ಗಿಗೂ ನೆಲೆ ಬದಲಿಸಿದನು. 1859 ಅವನ ಪಾಲಿಗೆ ಕರಾಳವಾದ ವರ್ಷ: ತಂದೆ ತೀರಿಕೊಂಡರು, ವರ್ಷದ ಕೊನೆಗೆ ಎರಡು ಎಳೆಯ ಮಕ್ಕಳನ್ನು ಬಿಟ್ಟು ಓಲ್ಗಾ ಕಣ್ಮುಚ್ಚಿದಳು. 1861ರಲ್ಲಿ ಆನಾ ಎಂಬ ವಿದುಷಿಯನ್ನು ವರಿಸಿದ ಮೇಲೆ ಮನೆ ಮತ್ತೆ ಮನೆಯಾಯಿತು. ದೃಷ್ಟಿಯ ಶಾಸ್ತ್ರವನ್ನು ಕುರಿತ ಮಹಾಗ್ರಂಥ 1867ರಲ್ಲಿ ಪೂರ್ಣಗೊಂಡಿತು. ನಾದದ ಶಾಸ್ತ್ರವನ್ನು ಕುರಿತ ಗ್ರಂಥ 1863ರಲ್ಲೇ ಬಂದಿತ್ತು. ಕಣ್ಣನ್ನು ಇಷ್ಟು ಬಲ್ಲವನು ಅದನ್ನು ನಿರ್ದೋಷವಾದ ಯಂತ್ರವೆಂದು ಹೊಗಳಲಿಲ್ಲ. ಇಷ್ಟು ಕುಂದುಗಳಿರುವ ಯಂತ್ರವನ್ನು ಅಂಗಡಿಯವನು ಮಾರಿದರೆ ತಾನು ಹಿಂದಿರುಗಿಸುತ್ತಿದ್ದೆನೆಂದು ನಗೆಯಾಡಿದನು. ಆದರೂ ಆ ಯಂತ್ರವನ್ನು ಬಿಡಲೊಲ್ಲೆನೆಂದು ಸೇರಿಸಲು ಮರೆಯಲಿಲ್ಲ.

1871ರಲ್ಲಿ ಬರ್ಲಿನ್ನಿನ ಭೌತಶಾಸ್ತ್ರ ಪೀಠ ಅವನನ್ನು ಕರೆಯಿತು. ಬಡತನ ಮುಚ್ಚಿದ್ದ ಬಾಗಿಲು ಐವತ್ತನೆಯ ವಯಸ್ಸಿನಲ್ಲಿ ತೆರೆಯಿತು. ರೇಡಿಯೋ ಅಲೆಗಳನ್ನು ಪತ್ತೆಹಚ್ಚಿದ ಹೈನ್‌ರಿಚ್ ಹರ್ಟ್ಸ್ ಅವನ ಶಿಷ್ಯ. ಆ ಪ್ರಿಯ ಶಿಷ್ಯನು 1894ರ ಜನವರಿ 1ರಂದು, ಮೂವತ್ತಾರರ ಹರೆಯದಲ್ಲಿ ತೀರಿಕೊಂಡುದನ್ನು ಗುರು ಕಾಣಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್ 8ರಂದು ಹೆಲ್ಮ್‌ಹೋಲ್ಟ್ಸನೂ ಇಹಲೋಕವನ್ನು ತ್ಯಜಿಸಿದನು. ಮುಪ್ಪಿನ ಮ್ಯಾಕುಲ ಬೇನೆಗೆ ಆಗ ಯಾವ ಚಿಕಿತ್ಸೆಯೂ ಇರಲಿಲ್ಲ.

ಮದ್ದು ಬಂದುದು ಅವನು ಸತ್ತು ನೂರು ವರ್ಷ ದಾಟಿದ ಮೇಲೆ. ಅಮೆರಿಕದಲ್ಲಿ ಸಾವಿರಾರು ವೃದ್ಧರನ್ನು ಸರಾಸರಿ ಆರು ವರ್ಷಕ್ಕೂ ಮೀರಿ ಗಮನಿಸಿದ ಪರೀಕ್ಷೆಯೊಂದು 2001ರಲ್ಲಿ ಫಲ ಹೇಳಿತು: ರೋಗ ನಡುಹಂತ ಮುಟ್ಟಿದವರಲ್ಲಿ ಕೆಲವು ಜೀವಸತ್ವಗಳೂ ಸತುವೂ ಕೂಡಿದ ಗುಳಿಗೆಯಿಂದ ಅದು ಉಲ್ಬಣಿಸುವ ಸಂಭವ ಸುಮಾರು ಕಾಲುಭಾಗ ಇಳಿಯಿತು. 2006ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ, ಬೇಡದ ರಕ್ತನಾಳಗಳ ಚಿಗುರನ್ನು ತಡೆಯುವ ಚುಚ್ಚುಮದ್ದನ್ನು ಕುರಿತದ್ದು. ಅದರಲ್ಲಿ ಪಾಲ್ಗೊಂಡ 716 ಮಂದಿಯಲ್ಲಿ ಮೂರನೆಯ ಒಂದು ಭಾಗಕ್ಕೆ ದೊರೆತುದು ಸೂಜಿಯಿಲ್ಲದ ತೋರಿಕೆಯ ಚುಚ್ಚುವಿಕೆ ಮಾತ್ರ. ಒಂದು ವರ್ಷ ಕಳೆದಾಗ, ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿಯ ನೋಟ ಹೆಚ್ಚು ಕುಗ್ಗದೆ ಉಳಿದಿತ್ತು. ಪಡೆಯದವರಲ್ಲಿ ಹಾಗೆ ಉಳಿದವರು ನೂರಕ್ಕೆ 62 ಮಂದಿ. ಈ ಎರಡು ಅಂಕೆಗಳ ನಡುವಿನ ಅಂತರದಲ್ಲಿ ಹೆಸರಿಲ್ಲದ ಎಷ್ಟೋ ಮುದುಕರ ತ್ಯಾಗವಿದೆ. ಯಾವ ಗುಂಪು ತಮ್ಮ ಪಾಲಿಗೆ ಬರುವುದೆಂದು ಅರಿಯದೆಯೇ ಅವರು ಒಪ್ಪಿಗೆ ಕೊಟ್ಟಿದ್ದರು. 2011ರಲ್ಲಿ ಮತ್ತೊಂದು ಪರೀಕ್ಷೆ, ಕರುಳಿನ ಕ್ಯಾನ್ಸರಿಗೆಂದು ಮೊದಲು ಬಂದ, ಬೆಲೆಯಲ್ಲಿ ಬಹಳ ಅಗ್ಗವಾದ ಸಜಾತಿ ಔಷಧವೂ ಅಷ್ಟೇ ಕೆಲಸ ಮಾಡುವುದೆಂದು ತೋರಿಸಿತು. ಬಡವರ ಕಣ್ಣಿಗೆ ಇದು ದೊಡ್ಡ ಸುದ್ದಿ.

ಒಣಗುವ ಬಗೆಯ ಬೇನೆಯಿಂದ ಕಳೆದುಹೋದ ನೋಟವನ್ನು ಮರಳಿ ತರುವ ಮದ್ದು ಇನ್ನೂ ಬಂದಿಲ್ಲ. ಅದರ ಮುಂದುವರಿದ ಹಂತವನ್ನು ನಿಧಾನಗೊಳಿಸುವ ಔಷಧಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ, ಅಷ್ಟೇ. ಇರುವ ಚಿಕಿತ್ಸೆಗೂ ಸಮಯವೇ ಮುಖ್ಯ. ಐವತ್ತು ದಾಟಿದವರು ಆಗಾಗ ಒಂದೊಂದೇ ಕಣ್ಣನ್ನು ಮುಚ್ಚಿ ಕಿಟಕಿಯ ಸರಳನ್ನೋ ಅಡಕೆಮರವನ್ನೋ ನೋಡಲಿ. ನೆಟ್ಟಗಿರುವುದು ಡೊಂಕಾಗಿ ಕಂಡರೆ, ಅದು ವಯಸ್ಸಿನ ಸಹಜಗುಣವೆಂದು ಸುಮ್ಮನಿರದೆ ವೈದ್ಯರ ಬಳಿಗೆ ಹೋಗಲಿ. ಬೀಡಿ ಸಿಗರೇಟು ಸೇದುವವರು ಅದನ್ನು ಬಿಡಲಿ. ಈ ಬೇನೆಗೆ ಹೊಗೆ ಬಲವಾದ ಸಹಾಯಕ.

ನಮ್ಮ ಸೀಮೆಯಲ್ಲಿ ಹಲಸು ನೆಡುವ ಅಜ್ಜನನ್ನು, ಇದರ ಹಣ್ಣು ನಿಮಗೆ ಸಿಕ್ಕೀತೆ ಎಂದು ಯಾರೂ ಕೇಳುವುದಿಲ್ಲ. ಹೆಲ್ಮ್‌ಹೋಲ್ಟ್ಸನು ಯಾವ ಕಣ್ಣನ್ನೂ ಗುಣಪಡಿಸಲಿಲ್ಲ. ತಾನು ನೇತ್ರವೈದ್ಯನೆಂದು ಎಂದೂ ಹೇಳಿಕೊಳ್ಳಲೂ ಇಲ್ಲ. ಪಾಠ ಹೇಳುವ ಉಪಾಧ್ಯಾಯನೊಬ್ಬನು ವಿದ್ಯಾರ್ಥಿಗಳಿಗೆ ನಿಜವಾದ ಉತ್ತರ ಕೊಡಬೇಕೆಂದು ಪಟ್ಟ ಶ್ರಮ ಅದು. ಕಾಣುವುದು ಮೊದಲು, ಗುಣಪಡಿಸುವುದು ಅನಂತರ. ಅವೆರಡರ ನಡುವೆ ಒಂದೂವರೆ ಶತಮಾನವೇ ಕಳೆದರೂ, ಕಂಡವನ ಋಣ ಕಡಿಮೆಯಾಗುವುದಿಲ್ಲ.